ಉಪ್ಪಿನ ಋಣ



ಮೊನ್ನೆ ಅಮಾವಾಸ್ಯೆಯ ದಿನ ದಾಸೋಹದ ಮನೆಯಲ್ಲಿ ಒಂದು ಚಿಕ್ಕ ಸಂಗತಿ ನಡೆಯಿತು. ಜನ ಹೆಚ್ಚಾಗಿದ್ದರು. ಗಡಿಬಿಡಿಯಲ್ಲಿ ಅಡುಗೆಯವರು ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದರು. ಬೇಳೆ ಹದವಾಗಿ ಬೆಂದಿತ್ತು, ಒಗ್ಗರಣೆಯ ವಾಸನೆ ಅಂಗಳದವರೆಗೆ ಹರಡಿತ್ತು. ಮೊದಲ ಪಂಕ್ತಿಯಲ್ಲಿ ಕುಳಿತವರು ಒಂದು ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಠದ ಪ್ರಸಾದಕ್ಕೆ ಹೆಸರಿಡುವುದು ಹೇಗೆಂಬ ಸಂಕೋಚದಿಂದ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಮುದುಕಿ, "ಯಪ್ಪಾ, ಎಲ್ಲಾ ಐತಿ, ಉಪ್ಪೊಂದಿಲ್ಲ" ಎಂದಳು. ಎಲ್ಲರೂ ನಕ್ಕರು. ಒಳಗಿನಿಂದ ಉಪ್ಪು ಬಂದಿತು, ಊಟ ಸಾಗಿತು.

ಆ ತಾಯಿಯ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಎಲ್ಲವೂ ಇದ್ದು ಉಪ್ಪೊಂದು ಇಲ್ಲದಿದ್ದರೆ ಏನೂ ಇಲ್ಲದಂತೆಯೇ. ನಮ್ಮ ಜನ ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಅದಕ್ಕೇ ಉಪಕಾರಸ್ಮರಣೆಗೆ ಅವರು ಕೊಟ್ಟ ಹೆಸರು 'ಅನ್ನದ ಋಣ', 'ಉಪ್ಪಿನ ಋಣ'. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಕಿರಿಯರಿಗೆ ಬುದ್ಧಿ ಹೇಳುತ್ತಾರೆ. ಆಳು ಧಣಿಯ ಉಪ್ಪು ತಿಂದವನು, ಆದುದರಿಂದ ಆಳು ಧಣಿಗೆ ಋಣಿ. ಪ್ರಜೆ ಅರಸನ ಉಪ್ಪು ತಿಂದವನು, ಆದುದರಿಂದ ಪ್ರಜೆ ಅರಸನಿಗೆ ಋಣಿ. ಹೀಗೆಂದು ನಾವು ತಿಳಿದುಕೊಂಡು ಬಂದಿದ್ದೇವೆ. ಆದರೆ ಬಂಧುಗಳೆ, ಇತಿಹಾಸದ ಪುಟಗಳನ್ನು ತೆರೆದು ನೋಡಿದರೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಯಾರು ಯಾರ ಉಪ್ಪು ತಿಂದರು? ಈ ಹೊತ್ತು ಅದನ್ನೇ ನಾವು ನೀವು ಕೂಡಿ ವಿಚಾರ ಮಾಡೋಣ.

ಮೊದಲು ಉಪ್ಪು ಏಕೆ ಬೇಕು ಎಂಬುದನ್ನು ನೋಡಿರಿ. ಅದು ಬರಿಯ ನಾಲಗೆಯ ಚಪಲವಲ್ಲ. ಬೆಳೆದ ಮನುಷ್ಯನ ಮೈಯಲ್ಲಿ ಹೆಚ್ಚುಕಡಿಮೆ ಕಾಲು ಕಿಲೋದಷ್ಟು ಉಪ್ಪು ಇರುತ್ತದೆ. ನರಗಳು ಸುದ್ದಿ ಮುಟ್ಟಿಸುವುದಕ್ಕೆ, ಸ್ನಾಯುಗಳು ಅಲುಗಾಡುವುದಕ್ಕೆ, ರಕ್ತದ ನೀರು ಹದದಲ್ಲಿ ನಿಲ್ಲುವುದಕ್ಕೆ ಅದು ಬೇಕು. ಬೆವರಿನಲ್ಲಿ, ಕಣ್ಣೀರಿನಲ್ಲಿ, ಮೂತ್ರದಲ್ಲಿ ಅದು ದಿನವೂ ಹೊರಗೆ ಹೋಗುತ್ತದೆ, ಹೋದದ್ದನ್ನು ತುಂಬಿಕೊಳ್ಳಲೇಬೇಕು. ಬೇಟೆಯಾಡಿ ಬದುಕುತ್ತಿದ್ದ ಆದಿಮಾನವನಿಗೆ ಪ್ರಾಣಿಗಳ ಮಾಂಸದಲ್ಲಿಯೇ, ರಕ್ತದಲ್ಲಿಯೇ ಅದು ದೊರೆಯುತ್ತಿತ್ತು. ಯಾವಾಗ ಮನುಷ್ಯ ಒಂದೆಡೆ ನೆಲೆನಿಂತು, ಭೂಮಿ ಉತ್ತು, ಕಾಳು ಬೆಳೆದು ಉಣ್ಣತೊಡಗಿದನೊ, ಆಗ ಅವನಿಗೆ ಉಪ್ಪಿನ ಕೊರತೆ ತಲೆದೋರಿತು. ಗೋಧಿಯಲ್ಲಿ, ಅಕ್ಕಿಯಲ್ಲಿ, ಜೋಳದಲ್ಲಿ ಉಪ್ಪಿನ ಅಂಶ ಬಹಳ ಕಡಿಮೆ. ಎಂದರೆ ಒಕ್ಕಲುತನ ಹುಟ್ಟಿದಲ್ಲೆಲ್ಲ ಉಪ್ಪಿನ ಹುಡುಕಾಟವೂ ಹುಟ್ಟಿತು. ಅದರ ಮೇಲೆ ಮಾಂಸ, ಮೀನು, ತರಕಾರಿ, ತೊಗಲು ಇವು ಕೆಡದಂತೆ ಕಾಯುವ ಉಪಾಯವೂ ಆ ಕಾಲಕ್ಕೆ ಉಪ್ಪಿನಲ್ಲಿತ್ತು.

ಈಗಿನ ಬಲ್ಗೇರಿಯ ದೇಶದಲ್ಲಿ ಪ್ರೊವಾಡಿಯಾ ಎಂಬ ಊರಿನ ಹತ್ತಿರ ನೆಲದಿಂದ ಉಪ್ಪುನೀರಿನ ಊಟೆಗಳು ಚಿಮ್ಮುತ್ತವೆ. ಅಲ್ಲಿಯ ಜನ ಇಂದಿಗೆ ಏಳು ಸಾವಿರ ವರುಷಗಳಿಗೂ ಹಿಂದೆ ಆ ನೀರನ್ನು ಮಣ್ಣಿನ ಪಾತ್ರೆಗಳಲ್ಲಿ ಕಾಯಿಸಿ, ಇಂಗಿಸಿ, ಉಪ್ಪು ಮಾಡುತ್ತಿದ್ದರೆಂದು ಉತ್ಖನನಗಳಿಂದ ತಿಳಿದಿದೆ. ಆ ಊರಿಗೆ ಅವರು ಕಲ್ಲಿನ ಗೋಡೆಯ ಕೋಟೆಯನ್ನೂ ಕಟ್ಟಿಕೊಂಡಿದ್ದರು. ಉಪ್ಪಿಗೆ ಕೋಟೆಯೆ ಎಂದು ನೀವು ಕೇಳಬಹುದು. ಬೇಕಾದವರು ಬಹಳ ಮಂದಿ, ದೊರೆಯುವ ಠಾವು ಕೆಲವೇ ಕೆಲವು. ಅಂಥ ವಸ್ತುವಿಗೆ ಕಾವಲು ಬೇಕಾಗುತ್ತದೆ.

ಇನ್ನು ಆ ಉಪ್ಪನ್ನು ತೆಗೆದವರನ್ನು ನೋಡೋಣ. ಆಸ್ಟ್ರಿಯ ದೇಶದ ಆಲ್ಪ್ಸ್ ಬೆಟ್ಟಗಳಲ್ಲಿ ಹಾಲ್‌ಸ್ಟಾಟ್ ಎಂಬ ಹಳ್ಳಿ ಇದೆ. ಅದರ ಮೇಲಿನ ಗುಡ್ಡದ ಹೊಟ್ಟೆಯಲ್ಲಿ ಕಲ್ಲುಪ್ಪಿನ ದೊಡ್ಡ ಗಣಿ. ಮೂರು ಸಾವಿರ ವರುಷಗಳಿಗೂ ಹಿಂದಿನಿಂದ ಅಲ್ಲಿ ಜನ ಭೂಮಿಯೊಳಕ್ಕೆ ಇಳಿದು ಉಪ್ಪು ಕಡಿದಿದ್ದಾರೆ. ಉಪ್ಪಿನ ಗುಣವೇ ಕಾಯುವುದಲ್ಲವೆ? ಆ ಕೆಲಸಗಾರರು ಬಿಟ್ಟುಹೋದ ಮರದ ಹಿಡಿಕೆಗಳು, ಬಟ್ಟೆಯ ಚೂರುಗಳು, ತೊಗಲಿನ ಬೆನ್ನುಚೀಲಗಳು, ಉರಿದು ಉಳಿದ ದೀವಟಿಗೆಯ ಕಡ್ಡಿಗಳು ಇವೆಲ್ಲವನ್ನೂ ಉಪ್ಪು ಕೊಳೆಯಗೊಡದೆ ಇಟ್ಟಿದೆ. ಅಲ್ಲಿ ದೊರೆತ ಒಂದು ಮರದ ಮೆಟ್ಟಲುಸಾಲಿನ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ ವಿದ್ವಾಂಸರು ಅದರ ಕಾಲವನ್ನು ಕ್ರಿ.ಪೂ. 1344ರ ಹೊತ್ತಿನದೆಂದು ಗೊತ್ತು ಮಾಡಿದ್ದಾರೆ. ಊರ ಮೇಲಿನ ಕಣಿವೆಯಲ್ಲಿ ಅದೇ ಜನರ ಹಳೆಯ ಸ್ಮಶಾನವಿದೆ. 1846ರಿಂದ 1863ರವರೆಗೆ ರಾಮ್ಸಾವರ್ ಎಂಬ ಗಣಿಯ ಅಧಿಕಾರಿ ಅಲ್ಲಿ ಸುಮಾರು 980 ಗೋರಿಗಳನ್ನು ತೆಗೆಸಿ, ಒಂದೊಂದನ್ನೂ ಗುರುತು ಮಾಡಿ ಬರೆಸಿಟ್ಟನು. ದೂರದ ದೇಶಗಳಿಂದ ಬಂದ ಅಂಬರು, ದಂತ, ಕಂಚಿನ ಪಾತ್ರೆಗಳು ಆ ಗೋರಿಗಳಲ್ಲಿ ಸಿಕ್ಕವು. ಉಪ್ಪು ಅಲ್ಲಿಗೆ ಸಿರಿ ತಂದಿತ್ತು, ನಿಜ.

ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಸಿರಿಯಲ್ಲ. ಅಲ್ಲಿಯ ಅಸ್ಥಿಗಳನ್ನು ಪರೀಕ್ಷಿಸಿದವರು, ಸ್ನಾಯುಗಳು ಎಲುಬಿಗೆ ಅಂಟಿದ ಗುರುತುಗಳಿಂದ, ಗಂಡಸರು ಬಾಳಿನುದ್ದಕ್ಕೂ ಗುದ್ದಲಿ ಎತ್ತಿ ಕಡಿದವರೆಂದೂ ಹೆಂಗಸರು ಭಾರ ಹೊತ್ತವರೆಂದೂ ಹೇಳಿದ್ದಾರೆ. ಮಕ್ಕಳ ಎಲುಬುಗಳಲ್ಲಿಯೂ ಅಂಥ ದುಡಿಮೆಯ ಸವಕಳಿ ಕಂಡಿದೆ. ಗಣಿಯೊಳಗೆ ಮಗುವಿನ ಕಾಲಿನ ಅಳತೆಯ ತೊಗಲಿನ ಪಾದರಕ್ಷೆಯೂ ದೊರೆತಿದೆ. ಬಂಧುಗಳೆ, ಆ ಕತ್ತಲೆಯಲ್ಲಿ, ದೀವಟಿಗೆಯ ಹೊಗೆಯಲ್ಲಿ, ಅಷ್ಟು ಸಣ್ಣ ಕಾಲುಗಳು ನಡೆದವು. ಅವರು ತೆಗೆದ ಉಪ್ಪನ್ನು ಎಷ್ಟೋ ಹರದಾರಿ ದೂರದ ಮನೆಗಳಲ್ಲಿ ತಿಂದರು. ತಿಂದವರಿಗೆ ಆ ಮಗುವಿನ ಹೆಸರು ಗೊತ್ತಿರಲಿಲ್ಲ. ಇದು ಉಪ್ಪಿನ ಮೊದಲನೆಯ ಭಾರ, ಬೆನ್ನಿನ ಮೇಲಿನ ಭಾರ.

ಎರಡನೆಯ ಭಾರವನ್ನು ಹೇರಿದವರು ಅರಸರು. ಅದು ಬೆನ್ನಿಗೆ ಕಾಣುವುದಿಲ್ಲ. ಅದೇ ಕರಭಾರ.

ರೋಮ್ ಪಟ್ಟಣದ ಕಥೆ ಕೇಳಿರಿ. ಟೈಬರ್ ನದಿ ಸಮುದ್ರ ಸೇರುವಲ್ಲಿ ಉಪ್ಪಿನ ಗದ್ದೆಗಳಿದ್ದವು. ಅಲ್ಲಿಯ ಉಪ್ಪು ಒಳನಾಡಿಗೆ ಹೋಗುತ್ತಿದ್ದ ದಾರಿಗೆ 'ಸಲಾರಿಯಾ', ಎಂದರೆ ಉಪ್ಪಿನ ದಾರಿ ಎಂದೇ ಹೆಸರು. ಸಂಬಳಕ್ಕೆ ಆಂಗ್ಲರು ಹೇಳುವ ಸ್ಯಾಲರಿ ಎಂಬ ಶಬ್ದವೂ ಉಪ್ಪಿಗೆ ಸಂಬಂಧಿಸಿದ ರೋಮನರ ಶಬ್ದದಿಂದಲೇ ಬಂದದ್ದು. ಇದನ್ನು ಹಿಡಿದುಕೊಂಡು ರೋಮಿನ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರೆಂದು ಹಲವರು ಹೇಳುತ್ತಾರೆ. ಅದಕ್ಕೆ ಆ ಕಾಲದ ಆಧಾರವೇನೂ ಇಲ್ಲ. ಆಧಾರವಿದ್ದ ಸಂಗತಿ ಬೇರೆ ಇದೆ. ಕ್ರಿ.ಪೂ. 508ರಲ್ಲಿ ಶತ್ರುಸೈನ್ಯ ರೋಮಿನತ್ತ ಬರುತ್ತಿದ್ದಾಗ, ಬಡವರು ತಮ್ಮನ್ನು ಬಿಟ್ಟು ಶತ್ರುವಿನ ಕಡೆ ಹೋದಾರೆಂದು ಅಲ್ಲಿಯ ಹಿರಿಯರಿಗೆ ಭಯವಾಯಿತು. ಆಗ ಅವರು ಮಾಡಿದ ಕೆಲಸವೇನು? ವರ್ತಕರು ಮನಬಂದ ಬೆಲೆಗೆ ಮಾರುತ್ತಿದ್ದ ಉಪ್ಪಿನ ವ್ಯಾಪಾರವನ್ನು ಸರಕಾರದ ಕೈಗೆ ತೆಗೆದುಕೊಂಡರು. ಬಡವರಿಗೆ ತೆರಿಗೆ ಮಾಫಿ ಮಾಡಿದರು. ಇದನ್ನು ರೋಮಿನ ಇತಿಹಾಸಕಾರ ಲಿವಿ ಬರೆದಿಟ್ಟಿದ್ದಾನೆ. ಉಪ್ಪು ಸುಲಭವಾದರೆ ಬಡವನ ಮನಸ್ಸು ನಾಡಿನ ಕಡೆಗೆ ಇರುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಆದರೆ ಮೂರು ನೂರು ವರುಷ ಕಳೆದ ಮೇಲೆ ಅದೇ ಉಪ್ಪು ಬೇರೆ ಕೆಲಸಕ್ಕೆ ಬಂದಿತು. ಕ್ರಿ.ಪೂ. 204ರಲ್ಲಿ ಹ್ಯಾನಿಬಾಲನೊಡನೆ ನಡೆದ ದೀರ್ಘ ಯುದ್ಧದಿಂದ ಬೊಕ್ಕಸ ಬರಿದಾಗಿತ್ತು. ಮಾರ್ಕಸ್ ಲಿವಿಯಸ್ ಎಂಬ ಅಧಿಕಾರಿ ಆಗ ಉಪ್ಪಿನ ಬೆಲೆಯನ್ನು ರೋಮಿನಲ್ಲಿ ಇದ್ದಂತೆಯೇ ಇಟ್ಟು ಹೊರಗಿನ ಪೇಟೆಗಳಲ್ಲಿ ಒಂದೊಂದು ಕಡೆಗೆ ಒಂದೊಂದು ರೀತಿಯಾಗಿ ಏರಿಸಿದನು. ಹಿಂದೊಮ್ಮೆ ಜನ ಅವನಿಗೆ ಅನ್ಯಾಯವಾಗಿ ಶಿಕ್ಷೆ ವಿಧಿಸಿದ್ದರು. ಆ ಸೇಡನ್ನು ಅವನು ಉಪ್ಪಿನ ಮೇಲೆ ತೀರಿಸಿಕೊಂಡನೆಂದು ಜನ ನಂಬಿದರು. ಅವನಿಗೆ 'ಸಲಿನಾಟರ್', ಎಂದರೆ ಉಪ್ಪಿನವನು ಎಂದು ಅಡ್ಡಹೆಸರಾಯಿತು. ಯುದ್ಧದಲ್ಲಿ ಗೆದ್ದ ಸೇನಾನಿ ಅವನು. ಆದರೂ ಆ ಹೆಸರು ಅವನಿಗೆ ಅಂಟಿಕೊಂಡೇ ಉಳಿಯಿತು.

ಈ ವಿದ್ಯೆಯನ್ನು ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಚೀನಿಯರು. ಕ್ರಿ.ಪೂ. ಏಳನೆಯ ಶತಮಾನದಲ್ಲಿ ಸಮುದ್ರದಂಡೆಯ ಚಿ ಎಂಬ ರಾಜ್ಯದಲ್ಲಿ ಗುವಾನ್ ಜೊಂಗ್ ಎಂಬ ಮಂತ್ರಿಯಿದ್ದನು. ಅವನ ಹೆಸರಿನಲ್ಲಿ ಮುಂದೆ ಸಂಕಲಿತವಾದ ಗ್ರಂಥದಲ್ಲಿ ಒಂದು ಸಂವಾದ ಬರುತ್ತದೆ. ಮನೆಗಳಿಗೆ ತೆರಿಗೆ ಹಾಕಲೆ, ಗಿಡಮರಗಳಿಗೆ ಹಾಕಲೆ, ದನಕರುಗಳಿಗೆ ಹಾಕಲೆ, ತಲೆಗೆ ಇಷ್ಟೆಂದು ಹಾಕಲೆ ಎಂದು ಅರಸನು ಕೇಳುತ್ತಾನೆ. ಯಾವುದೂ ಬೇಡವೆನ್ನುತ್ತಾನೆ ಮಂತ್ರಿ. ಮನೆಗೆ ಹಾಕಿದರೆ ಜನ ಮನೆ ಕೆಡವುತ್ತಾರೆ, ಮರಕ್ಕೆ ಹಾಕಿದರೆ ಮರ ಕಡಿಯುತ್ತಾರೆ. ಉಪ್ಪನ್ನು ಹಿಡಿದುಕೊ. ಹತ್ತು ಮಂದಿಯ ಮನೆಯಲ್ಲಿ ಹತ್ತು ಮಂದಿಯೂ ಉಪ್ಪು ತಿನ್ನುತ್ತಾರೆ. ಗಂಡಸು ತಿಂಗಳಿಗೆ ಇಷ್ಟು, ಹೆಂಗಸು ಇಷ್ಟು, ಮಗು ಇಷ್ಟು ತಿನ್ನುತ್ತದೆ ಎಂದು ಅವನು ಲೆಕ್ಕವನ್ನೂ ಕೊಡುತ್ತಾನೆ. ಬೆಲೆಯನ್ನು ತುಸುವೇ ಏರಿಸಿದರೆ ಸಾಕು. ತಲೆಗಂದಾಯವೆಂದು ಸಾರಿದರೆ ಕೂಗೆಬ್ಬಿಸುವ ಜನ, ಉಪ್ಪಿನಲ್ಲಿ ಕೊಡುವಾಗ ಕೂಗುವುದಿಲ್ಲ, ತಪ್ಪಿಸಿಕೊಳ್ಳುವುದೂ ಇಲ್ಲ. ಇದು ಆ ಮಂತ್ರಿಯ ಉಪದೇಶದ ಸಾರ. ಎಂಥ ಜಾಣತನ! ಹಾಗೆಯೇ ಎಂಥ ಕಠೋರತೆ ಎಂಬುದನ್ನೂ ನೋಡಿರಿ.

ಈ ಉಪದೇಶವನ್ನು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದವನು ಹಾನ್ ವಂಶದ ವೂ ಚಕ್ರವರ್ತಿ. ಉತ್ತರದ ಅಲೆಮಾರಿ ಕುದುರೆ ದಂಡುಗಳೊಡನೆ ಅವನು ವರುಷಗಟ್ಟಲೆ ಯುದ್ಧ ಮಾಡಿದನು. ಬೊಕ್ಕಸ ಬತ್ತಿತು. ಕ್ರಿ.ಪೂ. 119ರ ಸುಮಾರಿಗೆ ಉಪ್ಪು ಮತ್ತು ಕಬ್ಬಿಣ ಎರಡನ್ನೂ ಸರಕಾರದ ಸೊತ್ತು ಮಾಡುವ ಏರ್ಪಾಟು ಮೊದಲಾಯಿತು. ಅದನ್ನು ನಡೆಸಲು ಅವನು ಆರಿಸಿಕೊಂಡವರಲ್ಲಿ ಒಬ್ಬನು ಉಪ್ಪು ಕಾಯಿಸಿ ಸಾಹುಕಾರನಾದವನು, ಇನ್ನೊಬ್ಬನು ಕಬ್ಬಿಣದ ಒಡೆಯ, ಮೂರನೆಯವನು ವರ್ತಕನ ಮಗನಾದ ಸಾಂಗ್ ಹೊಂಗ್‌ಯಾಂಗ್. ಕಾಯಿಸುವ ಕೊಪ್ಪರಿಗೆಗಳನ್ನು ಸರಕಾರ ಕೊಡುವುದು, ತಯಾರಾದ ಉಪ್ಪು ಸರಕಾರಕ್ಕೇ ಸೇರುವುದು. ಯಾರಾದರೂ ತನ್ನಷ್ಟಕ್ಕೆ ತಾನು ಉಪ್ಪು ಕಾಯಿಸಿದರೆ ಅವನ ಸಲಕರಣೆಗಳನ್ನು ಕಸಿದುಕೊಂಡು ಎಡಗಾಲಿಗೆ ಕಬ್ಬಿಣದ ಬೇಡಿ ಹಾಕುತ್ತಿದ್ದರು. ಸಮುದ್ರದ ನೀರು, ಮೇಲಿನ ಸೂರ್ಯ, ಒಲೆಯ ಬೆಂಕಿ, ತನ್ನ ಎರಡು ಕೈ, ಇವನ್ನು ಕೂಡಿಸಿದ್ದೇ ಮನುಷ್ಯನಿಗೆ ಅಪರಾಧವಾಯಿತು.

ವೂ ಚಕ್ರವರ್ತಿ ಕ್ರಿ.ಪೂ. 87ರಲ್ಲಿ ತೀರಿಕೊಂಡನು. ಕ್ರಿ.ಪೂ. 81ರಲ್ಲಿ, ಹದಿಮೂರರ ಹರೆಯದ ಬಾಲಕ ಸಿಂಹಾಸನದಲ್ಲಿದ್ದಾಗ, ಜಗತ್ತಿನ ಇತಿಹಾಸದಲ್ಲಿ ಅಪರೂಪವಾದ ಒಂದು ಸಭೆ ಆ ಅರಮನೆಯಲ್ಲಿ ನಡೆಯಿತು. ನಾಡಿನ ಬೇರೆ ಬೇರೆ ಕಡೆಗಳಿಂದ ಅರುವತ್ತಕ್ಕೂ ಹೆಚ್ಚು ವಿದ್ವಾಂಸರನ್ನು ಕರೆಸಿ, ಜನರ ಕಷ್ಟವೇನೆಂದು ಕೇಳಿದರು. ಅವರು ಒಕ್ಕೊರಲಿನಿಂದ, ಉಪ್ಪು ಕಬ್ಬಿಣಗಳನ್ನು ಸರಕಾರ ಬಿಟ್ಟುಕೊಡಬೇಕೆಂದರು. ಅಧಿಕಾರದಲ್ಲಿದ್ದ ಸಾಂಗ್ ಹೊಂಗ್‌ಯಾಂಗ್ ಅವರಿಗೆ ಎದುರುತ್ತರ ಕೊಟ್ಟನು. ಕೆಲವು ದಶಕಗಳ ತರುವಾಯ ಹುವಾನ್ ಕುವಾನ್ ಎಂಬುವನು ಆ ವಾದವನ್ನು ಗ್ರಂಥವಾಗಿ ಬರೆದನು. 'ಉಪ್ಪು ಕಬ್ಬಿಣಗಳ ಚರ್ಚೆ' ಎಂಬುದೇ ಅದರ ಹೆಸರು.

ಎರಡೂ ಕಡೆಯ ಮಾತನ್ನು ಸಮಾಧಾನದಿಂದ ಕೇಳಬೇಕು. ಮಂತ್ರಿಯ ಮಾತು ಹುರುಳಿಲ್ಲದ್ದಲ್ಲ. ಗಡಿಯಲ್ಲಿ ಸೈನಿಕರು ಹಿಮದಲ್ಲಿ ಕವಚ ತೊಟ್ಟು ನಿಂತಿದ್ದಾರೆ. ಉಪ್ಪಿನ ಹಣ ನಿಂತರೆ ಅವರಿಗೆ ಅನ್ನ ಬಟ್ಟೆ ಎಲ್ಲಿಂದ ತರುವುದು ಎಂದು ಅವನು ಕೇಳಿದನು. ಸರಕಾರ ಬಿಟ್ಟರೆ ಉಪ್ಪು ಬಡವನಿಗೆ ಸೇರುವುದಿಲ್ಲ, ಬಲಾಢ್ಯನಿಗೆ ಸೇರುತ್ತದೆ ಎಂದನು. ಅದಕ್ಕೆ ನಿದರ್ಶನವೂ ಇತ್ತು. ಪೂರ್ವದ ಸಾಮಂತನಾದ ಲಿಯು ಪಿ ಎಂಬುವನು ಸಮುದ್ರದ ನೀರು ಕಾಯಿಸಿ, ತನ್ನ ಬೆಟ್ಟಗಳ ತಾಮ್ರದಿಂದ ನಾಣ್ಯ ಟಂಕಿಸಿ, ಚಕ್ರವರ್ತಿಗೆ ಸಮನಾಗುವಷ್ಟು ಕೊಬ್ಬಿ, ಕ್ರಿ.ಪೂ. 154ರಲ್ಲಿ ಆರು ಸಾಮಂತರನ್ನು ಕೂಡಿಕೊಂಡು ಬಂಡೆದ್ದಿದ್ದನು.

ವಿದ್ವಾಂಸರ ಮಾತು ಬೇರೆ. ಅವರು ಹಳ್ಳಿಗಳನ್ನು ಕಂಡು ಬಂದವರು. ಕಬ್ಬಿಣ ದುಬಾರಿಯಾಗಿ ಬಡ ಒಕ್ಕಲಿಗ ಮರದ ಕುಳದಿಂದ ಉಳುತ್ತಿದ್ದಾನೆ, ಕೈಯಿಂದ ಕಳೆ ಕೀಳುತ್ತಿದ್ದಾನೆ. ಉಪ್ಪು ದುಬಾರಿಯಾಗಿ ಸಪ್ಪೆ ಅನ್ನ ಉಣ್ಣುತ್ತಿದ್ದಾನೆ ಎಂದು ಅವರು ಸಭೆಯ ಮುಂದೆ ಇಟ್ಟರು. ಪ್ರಜೆಯೊಡನೆ ಲಾಭಕ್ಕಾಗಿ ಪೈಪೋಟಿ ಮಾಡುವುದು ಅರಸನ ಧರ್ಮವಲ್ಲ ಎಂಬುದು ಅವರ ನಿಲುವು.

ಕೊನೆಗೆ ಆದುದೇನು? ಮದ್ಯದ ಮೇಲಿದ್ದ ಸರಕಾರದ ಏಕಸ್ವಾಮ್ಯವನ್ನು ಕೈಬಿಟ್ಟರು. ಉಪ್ಪನ್ನು ಬಿಡಲಿಲ್ಲ. ಮರುವರುಷ ಮಂತ್ರಿ ಸಾಂಗ್ ಅರಮನೆಯ ಒಳಸಂಚಿನ ಆರೋಪಕ್ಕೆ ಸಿಕ್ಕಿ ಮರಣದಂಡನೆಗೆ ಗುರಿಯಾದನು; ಅವನು ಕಟ್ಟಿದ ಏರ್ಪಾಟು ಉಳಿಯಿತು. ಕ್ರಿ.ಪೂ. 44ರಲ್ಲಿ ಇನ್ನೊಬ್ಬ ಚಕ್ರವರ್ತಿ ಕನಿಕರದಿಂದ ಅದನ್ನು ರದ್ದು ಮಾಡಿದನು. ಮೂರೇ ವರುಷಗಳಲ್ಲಿ ಹಣ ಸಾಲದೆ ಮತ್ತೆ ಜಾರಿಗೆ ತಂದನು. ಒಂದು ಸಲ ಉಪ್ಪಿನ ರುಚಿ ಹತ್ತಿದ ಬೊಕ್ಕಸಕ್ಕೆ ಸಪ್ಪೆ ಊಟ ಸೇರುವುದಿಲ್ಲ.

ಬಂಧುಗಳೆ, ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಮಂತ್ರಿಯ ಕಡೆ ಯುಕ್ತಿಯಿತ್ತು, ಗಡಿಯ ಚಿಂತೆಯೂ ಸುಳ್ಳಾಗಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ನೂರು ಎಕರೆಯ ಒಡೆಯನು ನೂರು ಪಾಲು ಉಪ್ಪು ತಿನ್ನಲಾರ. ಅವನೂ ಚಿಟಿಕೆ, ಅವನ ಆಳೂ ಚಿಟಿಕೆ. ಕರ ಸಮನಾಗಿ ಕಾಣುತ್ತದೆ. ಆದರೆ ಒಬ್ಬನಿಗೆ ಅದು ಎಡಗೈಯ ಧೂಳು, ಇನ್ನೊಬ್ಬನಿಗೆ ಒಂದು ದಿನದ ಕೂಲಿ. ಇಷ್ಟೇ ಅಲ್ಲ. ನೆರಳಿನಲ್ಲಿ ಕುಳಿತವನಿಗೆ ಬೆವರಿಲ್ಲ. ಬಿಸಿಲಿನಲ್ಲಿ ದುಡಿಯುವವನ ಅಂಗಿ ಒಣಗಿದಾಗ ಬೆನ್ನ ಮೇಲೆ ಬಿಳಿಯ ಗೆರೆ ಮೂಡುವುದನ್ನು ನೀವೆಲ್ಲ ಕಂಡಿದ್ದೀರಿ. ಅದು ಉಪ್ಪು. ಹೆಚ್ಚು ದುಡಿದವನು ಹೆಚ್ಚು ಉಪ್ಪನ್ನು ಕಳೆದುಕೊಳ್ಳುತ್ತಾನೆ, ಅವನಿಗೇ ಅದು ಹೆಚ್ಚು ಬೇಕು. ಆದುದರಿಂದ ಉಪ್ಪಿನ ಕರವೆಂಬುದು ಕಾಯಕದ ಮೇಲಿನ ಕರ, ಬೆವರಿನ ಮೇಲಿನ ಕರ.

ನಮ್ಮ ದೇಶದ ಪ್ರಾಚೀನರು ಇದನ್ನು ಅರಿಯದವರಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿರಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥವನ್ನು ತಾಳೆಯ ಗರಿಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಉಪ್ಪಿಗೆಂದೇ ಲವಣಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ಕಟ್ಟಳೆಗಳು ಬಿಗಿಯಾಗಿವೆ. ಹೊರಗಿನಿಂದ ಬಂದ ಉಪ್ಪಿನಲ್ಲಿ ಆರನೆಯ ಒಂದು ಪಾಲು ಅರಸನಿಗೆ. ಕಲಬೆರಕೆ ಉಪ್ಪು ಮಾರಿದವನಿಗೆ ಭಾರಿ ದಂಡ, ಅಪ್ಪಣೆಯಿಲ್ಲದೆ ಉಪ್ಪಿನಿಂದ ಜೀವನ ಮಾಡುವವನಿಗೂ ದಂಡ. ಕೌಟಿಲ್ಯನು ಮೃದು ಹೃದಯದವನೆಂದು ಯಾರೂ ಹೇಳುವುದಿಲ್ಲ. ಅಂಥವನೂ ಒಂದು ಕಿಂಡಿ ಬಿಟ್ಟಿದ್ದಾನೆ. ವನವಾಸಿಗಳಾದ ವಾನಪ್ರಸ್ಥರಿಗೆ ಆ ದಂಡವಿಲ್ಲ. ವೇದ ಬಲ್ಲವರು, ತಪಸ್ವಿಗಳು, ಬಿಟ್ಟಿ ದುಡಿಯುವ ಕೂಲಿಗಳು ತಮ್ಮ ಊಟಕ್ಕೆ ಬೇಕಾದಷ್ಟು ಉಪ್ಪನ್ನು ಹಾಗೆಯೇ ಒಯ್ಯಬಹುದು. ತಪಸ್ವಿಯ ಪಕ್ಕದಲ್ಲಿ ಬಿಟ್ಟಿಯಾಳನ್ನು ಕೂಡಿಸಿದ ಈ ಮಾತು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವನ ದುಡಿಮೆಗೆ ಕೂಲಿ ಕೊಡದ ಆ ವ್ಯವಸ್ಥೆಯನ್ನು ನಾವು ಹೊಗಳುವುದಿಲ್ಲ; ಆದರೆ ಅವನ ಗಂಜಿಯ ಉಪ್ಪಿಗೆ ಕೈ ಹಾಕಬಾರದೆಂಬಷ್ಟು ನಾಚಿಕೆ ಅದಕ್ಕೆ ಇತ್ತು.

ಆ ನಾಚಿಕೆಯೂ ಇಲ್ಲದ ಆಡಳಿತ ನಮ್ಮ ದೇಶಕ್ಕೆ ಬಂದಾಗ ಏನಾಯಿತೆಂಬುದು ದೂರದ ಕಥೆಯಲ್ಲ. 1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯ ದಡದಲ್ಲಿ ಹಿಡಿ ಉಪ್ಪನ್ನು ಎತ್ತಿದರು. ಅದೇ ತಿಂಗಳಲ್ಲಿ ನಮ್ಮ ಅಂಕೋಲೆಯ ಜನ ಕಡಲದಂಡೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದರು. ದೊಡ್ಡ ದೊಡ್ಡ ವಿಷಯಗಳಿರುವಾಗ ಉಪ್ಪಿನಂಥ ಅಲ್ಪ ವಸ್ತುವೇ ಎಂದು ಆಗ ನಕ್ಕವರುಂಟು. ಅವರಿಗೆ ಎರಡು ಸಾವಿರ ವರುಷಗಳ ಈ ಲೆಕ್ಕ ತಿಳಿದಿರಲಿಲ್ಲ. ಗುಡಿಸಲಿನ ತಾಯಿಗೆ ತಿಳಿದಿತ್ತು. 1947ರಲ್ಲಿ ಆ ಕರ ಹೋಯಿತು.

ಈಗ ನಾವು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಯಾರು ಯಾರ ಉಪ್ಪು ತಿಂದರು? ಹಾಲ್‌ಸ್ಟಾಟಿನ ಕತ್ತಲೆಯಲ್ಲಿ ಮಗುವೊಂದು ಹೊತ್ತ ಉಪ್ಪನ್ನು ದೂರದ ಸಿರಿವಂತ ತಿಂದನು. ಕೊಪ್ಪರಿಗೆಯ ಮುಂದೆ ಬೆಂದ ಚೀನದ ಕೂಲಿಯ ಉಪ್ಪಿನಿಂದ ಚಕ್ರವರ್ತಿಯ ಅರಮನೆ ನಡೆಯಿತು, ಅವನ ದಂಡು ನಡೆಯಿತು. ಸಪ್ಪೆ ಉಂಡವನು ಮಾತ್ರ ಅದನ್ನು ಬೆಳೆದ, ಕಾಯಿಸಿದ, ಹೊತ್ತ ಮನುಷ್ಯ. ಹಾಗಾದರೆ ಋಣಿ ಯಾರು? ಪ್ರಜೆ ಅರಸನ ಉಪ್ಪು ತಿಂದವನಲ್ಲ. ಅರಸನೇ ಪ್ರಜೆಯ ಉಪ್ಪು ತಿಂದವನು. ಧಣಿಯೇ ಆಳಿನ ಉಪ್ಪು ತಿಂದವನು. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ಬುದ್ಧಿಮಾತನ್ನು ಮೊದಲು ಕೇಳಬೇಕಾದವರು ಅವರು.

ಅರಸರು ಈಗ ಇಲ್ಲ. ನಾವೆಲ್ಲ ಉಳಿದಿದ್ದೇವೆ. ನಮ್ಮ ಎಲೆಯ ತುದಿಗೆ ಬಡಿಸಿದ ಉಪ್ಪು ಯಾವುದೋ ಗದ್ದೆಯಲ್ಲಿ ಬರಿಗಾಲಿನಲ್ಲಿ ನಿಂತು ಯಾರೋ ಗೋರಿದ ಉಪ್ಪು. ಮಠವೂ ಆ ಉಪ್ಪನ್ನು ತಿಂದಿದೆ, ಆದುದರಿಂದ ಮಠವೂ ಋಣಿ. ಇಂದು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಮೊದಲ ತುತ್ತಿಗೆ ಮುಂಚೆ ಒಂದು ಕ್ಷಣ ಆ ಕೈಗಳನ್ನು ನೆನೆಯಿರಿ. ನಿಮ್ಮ ಹೊಲದಲ್ಲಿ ದುಡಿಯುವವರ ಕೂಲಿಯನ್ನು ಅವರ ಬೆವರು ಆರುವ ಮೊದಲೇ ಕೊಡಿರಿ. ಉಪ್ಪಿನ ಋಣ ತೀರುವ ದಾರಿ ನಮಗೆ ಕಂಡದ್ದು ಇದೊಂದೇ.